ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನಲ್ಲಿ ಔಟ್‌ಫೀಲ್ಡ್ ಬೇಲಿಯ ದೂರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳು ಶಾಲಾ ಮತ್ತು ಕ್ಲಬ್ ತಂಡಗಳಲ್ಲಿ ಸಾಫ್ಟ್‌ಬಾಲ್ ಆಡುತ್ತಾರೆ. ನಮ್ಮಲ್ಲಿಯೂ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಈ ಆಟವಿದೆ. ಆಟದ ಮೂಲ ನಿಯಮಗಳನ್ನು ಬಲ್ಲವರೂ ಔಟ್‌ಫೀಲ್ಡ್ (ಮೈದಾನದ ದೂರದ ಭಾಗ) ಬೇಲಿಯ ವಿಷಯಕ್ಕೆ ಬಂದಾಗ, ಅದು ಹೋಮ್ ರನ್‌ಗಳ (ಬೇಲಿ ದಾಟುವ ಹೊಡೆತಗಳ) ಸಂಖ್ಯೆಯನ್ನು ಮಾತ್ರ ನಿರ್ಧರಿಸುತ್ತದೆ ಎಂದು ಭಾವಿಸುವುದುಂಟು. ಬೇಲಿಯ ಪ್ರಭಾವ ಅದಕ್ಕಿಂತ ಬಹಳ ಆಳವಾದದ್ದು. ಫೀಲ್ಡರ್ ಎಲ್ಲಿ ನಿಲ್ಲುತ್ತಾಳೆ, ಪಿಚರ್ ಯಾವ ಎಸೆತವನ್ನು ಆರಿಸುತ್ತಾಳೆ, ರನ್ನರ್ ಎಷ್ಟು ಧೈರ್ಯ ಮಾಡುತ್ತಾಳೆ ಎಂಬುದೆಲ್ಲವೂ ಅದನ್ನು ಅವಲಂಬಿಸಿದೆ. ಕೆಳಗಿನ ಉತ್ತರಗಳು ಮುಖ್ಯವಾಗಿ ಮಹಿಳೆಯರ ಫಾಸ್ಟ್‌ಪಿಚ್ ಆಟವನ್ನು, ಅಂದರೆ ಪಿಚರ್ ಚೆಂಡನ್ನು ವೇಗವಾಗಿ ಎಸೆಯುವ ಬಗೆಯನ್ನು, ಗಮನದಲ್ಲಿಟ್ಟುಕೊಂಡಿವೆ.

ಬೇಲಿಯ ದೂರಕ್ಕೆ ಎಲ್ಲೆಡೆ ಒಂದೇ ಅಳತೆ ಇದೆಯೇ?

ಇಲ್ಲ. ವಯಸ್ಕ ಮಹಿಳೆಯರ ಆಟದಲ್ಲಿ ಬೇಸ್‌ಗಳ (ರನ್ನರ್ ಓಡಿ ಮುಟ್ಟಬೇಕಾದ ನೆಲೆಗಳ) ನಡುವಿನ 60 ಅಡಿ ಮತ್ತು ಪಿಚರ್ ನಿಂತು ಎಸೆಯುವ ಪಿಚಿಂಗ್ ಪ್ಲೇಟ್‌ನಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟ್‌ಗಿರುವ 43 ಅಡಿ ಯಾವ ಊರಿಗೆ ಹೋದರೂ ಬದಲಾಗುವುದಿಲ್ಲ. ಬೇಲಿ ಹಾಗಲ್ಲ, ನಿಯಮಗಳು ಅದಕ್ಕೆ ಒಂದು ವ್ಯಾಪ್ತಿಯನ್ನೋ ಕನಿಷ್ಠ ಮಿತಿಯನ್ನೋ ಕೊಟ್ಟು ಉಳಿದದ್ದನ್ನು ಮೈದಾನ ಕಟ್ಟುವವರಿಗೆ ಬಿಡುತ್ತವೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಫೌಲ್ ಲೈನ್‌ಗಳ (ಆಟದ ಜಾಗದ ಎರಡು ಪಕ್ಕದ ಗಡಿ ಗೆರೆಗಳ) ತುದಿಯಲ್ಲಿ ಕನಿಷ್ಠ 190 ಅಡಿ, ಔಟ್‌ಫೀಲ್ಡ್‌ನ ನಡುಭಾಗವಾದ ಸೆಂಟರ್ ಫೀಲ್ಡ್‌ನಲ್ಲಿ ಕನಿಷ್ಠ 220 ಅಡಿ ಇರಬೇಕೆನ್ನುತ್ತದೆ. ಪ್ರೌಢಶಾಲಾ ಮಟ್ಟದಲ್ಲಿ 185ರಿಂದ 235 ಅಡಿಯ ವ್ಯಾಪ್ತಿಯನ್ನು ಶಿಫಾರಸು ಮಾಡಲಾಗಿದೆ. ಅಂತರರಾಷ್ಟ್ರೀಯ ಮಹಿಳಾ ಪಂದ್ಯಗಳಿಗೆ ಗೊತ್ತಾಗಿರುವ ಅಳತೆ 220 ಅಡಿ, ಅಂದರೆ 67.06 ಮೀಟರ್. ಕಾಲೇಜು ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವ ಒಕ್ಲಹೋಮ ಸಿಟಿಯ ಡೆವನ್ ಪಾರ್ಕ್‌ನಲ್ಲಿ ಲೈನ್‌ಗಳ ತುದಿ 200 ಅಡಿ, ಸೆಂಟರ್ 220 ಅಡಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳನ್ನೂ ಅಲ್ಲಿಯೇ ನಡೆಸಲು ನಿರ್ಧರಿಸಲಾಗಿದೆ.

ಈ ದೂರವನ್ನು ಎಲ್ಲಿಂದ ಅಳೆಯುತ್ತಾರೆ?

ಹೋಮ್ ಪ್ಲೇಟ್‌ನ ಹಿಂಬದಿಯ ಚೂಪು ಮೂಲೆಯಿಂದ. ಎರಡೂ ಫೌಲ್ ಲೈನ್‌ಗಳು ಕೂಡುವ ಬಿಂದು ಅದೇ.

ಕ್ರಿಕೆಟ್ ಬೌಂಡರಿಯ ಲೆಕ್ಕದಲ್ಲಿ ಇದು ದೂರವೋ ಹತ್ತಿರವೋ?

ಮಹಿಳಾ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬೌಂಡರಿ 60ರಿಂದ 70 ಗಜದೊಳಗೆ, ಅಂದರೆ ಸುಮಾರು 55ರಿಂದ 64 ಮೀಟರ್‌ನೊಳಗೆ ಇರಬೇಕು. ಅದನ್ನು ಪಿಚ್‌ನ ಮಧ್ಯದಿಂದ ಅಳೆಯುವುದರಿಂದ ನೇರವಾಗಿ ಹೊಡೆಯುವ ಬ್ಯಾಟರ್‌ಗೆ ಇನ್ನೂ ಹತ್ತು ಮೀಟರ್‌ನಷ್ಟು ಸೇರುತ್ತದೆ. 220 ಅಡಿಯ ಬೇಲಿ 67 ಮೀಟರ್ ಆದ್ದರಿಂದ ಎರಡೂ ಹೆಚ್ಚು ಕಡಿಮೆ ಒಂದೇ ಅಳತೆಯ ಆಸುಪಾಸಿನಲ್ಲಿವೆ. ಆದರೆ ಸಾಫ್ಟ್‌ಬಾಲ್‌ನಲ್ಲಿ ಚೆಂಡು ಎರಡು ಫೌಲ್ ಲೈನ್‌ಗಳ ನಡುವಿನ 90 ಡಿಗ್ರಿಯೊಳಗೆ ಹೋಗಲೇಬೇಕು, ಅದನ್ನು ಕಾಯಲು ಔಟ್‌ಫೀಲ್ಡ್‌ನಲ್ಲಿ ಮೂವರೇ ಇರುತ್ತಾರೆ. ಕ್ರಿಕೆಟ್‌ನಲ್ಲಿ ಹಗ್ಗ ಮುಟ್ಟಿದ ಚೆಂಡಿಗೆ ನಾಲ್ಕು ರನ್ ಖಚಿತ. ಇಲ್ಲಿ ಬೇಲಿಗೆ ಬಡಿದ ಚೆಂಡು ಆಟದಲ್ಲೇ ಇರುತ್ತದೆ. ಆ ಒಂದು ವ್ಯತ್ಯಾಸದಿಂದಲೇ ಸಾಫ್ಟ್‌ಬಾಲ್ ಬೇಲಿಯ ವಿಷಯ ಇಷ್ಟು ಸ್ವಾರಸ್ಯಕರವಾಗುತ್ತದೆ.

200 ಅಡಿಗೂ 220 ಅಡಿಗೂ ನಿಜಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿದೆಯೇ?

ಇದೆ, ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಾಗಿಯೇ ಇದೆ. ಫೌಲ್ ಲೈನ್‌ಗಳ ನಡುವಿನ ಮೈದಾನವನ್ನು ಕಾಲು ವೃತ್ತವೆಂದು ಭಾವಿಸಿ ಲೆಕ್ಕ ಹಾಕಿ ನೋಡಿ. 200 ಅಡಿ ತ್ರಿಜ್ಯದ ಕಾಲು ವೃತ್ತದ ವಿಸ್ತೀರ್ಣ ಸುಮಾರು 31,400 ಚದರ ಅಡಿ. 220 ಅಡಿ ತ್ರಿಜ್ಯದ್ದು ಸುಮಾರು 38,000 ಚದರ ಅಡಿ. ದೂರ ಹೆಚ್ಚಿದ್ದು ಶೇಕಡಾ 10ರಷ್ಟು, ಜಾಗ ಹೆಚ್ಚಿದ್ದು ಶೇಕಡಾ 21ರಷ್ಟು. ಹೋಮ್ ಪ್ಲೇಟ್‌ನಿಂದ ಮೊದಲ 100 ಅಡಿಯನ್ನು ಬೇಸ್‌ಗಳ ಬಳಿ ಕಾಯುವ ಇನ್‌ಫೀಲ್ಡರ್‌ಗಳ ಪಾಲಿಗೆ ಬಿಟ್ಟರೆ, ಔಟ್‌ಫೀಲ್ಡರ್‌ಗಳು ಕಾಯಬೇಕಾದ ನೆಲ 23,600 ಚದರ ಅಡಿಯಿಂದ 30,200 ಚದರ ಅಡಿಗೆ ಏರುತ್ತದೆ, ಅಂದರೆ ಶೇಕಡಾ 28ರಷ್ಟು. ಹಿಂದೆ ಕಾಯುವ ಮೂವರು ಅದೇ ಮೂವರು; ಒಬ್ಬೊಬ್ಬಳ ಪಾಲಿಗೆ ಸುಮಾರು 2,200 ಚದರ ಅಡಿ ಹೆಚ್ಚುವರಿ ನೆಲ ಬಂದು ಬೀಳುತ್ತದೆ.

ಆದ್ದರಿಂದ ಬೇಲಿಯನ್ನು ಹಿಂದಕ್ಕೆ ಸರಿಸಿದರೆ ರನ್‌ಗಳು ಕಡಿಮೆಯಾಗುತ್ತವೆ ಎಂಬ ಮಾತು ಅರ್ಧ ಸತ್ಯ. ಹೋಮ್ ರನ್‌ಗಳು ಖಂಡಿತ ಕಡಿಮೆಯಾಗುತ್ತವೆ. ಆದರೆ ಫೀಲ್ಡರ್‌ಗಳ ನಡುವಿನ ತೆರಪುಗಳು ಅಗಲವಾಗುವುದರಿಂದ ಎರಡು ಬೇಸ್, ಮೂರು ಬೇಸ್‌ಗಳ ಹೊಡೆತಗಳು ಹೆಚ್ಚುತ್ತವೆ. ಒಟ್ಟು ರನ್‌ಗಳಿಗಿಂತ, ಆ ರನ್‌ಗಳು ಬರುವ ಬಗೆ ಹೆಚ್ಚು ಬದಲಾಗುತ್ತದೆ. ಓಟಕ್ಕೂ ದೂರದ ಎಸೆತಕ್ಕೂ ಬೆಲೆ ಹೆಚ್ಚುತ್ತದೆ.

ಬೇಸ್‌ಬಾಲ್‌ನಲ್ಲಿ ಬೇಲಿ 300 ಅಡಿಯನ್ನೂ ಮೀರಿರುತ್ತದೆ. ಸಾಫ್ಟ್‌ಬಾಲ್‌ಗೆ ಇಷ್ಟು ಹತ್ತಿರ ಏಕೆ?

ಬ್ಯಾಟರ್‌ಗಳ ಬಲವನ್ನು ಮಾತ್ರ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಚೆಂಡಿನ ಭೌತಶಾಸ್ತ್ರವೂ ಸೇರುತ್ತದೆ. ಸಾಫ್ಟ್‌ಬಾಲ್ ಚೆಂಡಿನ ಸುತ್ತಳತೆ ಸುಮಾರು 12 ಇಂಚು, ಬೇಸ್‌ಬಾಲ್‌ನದು ಸುಮಾರು 9 ಇಂಚು. ಗಾಳಿಗೆ ಎದುರಾಗುವ ಮೈ ಸಾಫ್ಟ್‌ಬಾಲ್‌ನಲ್ಲಿ ಮುಕ್ಕಾಲು ಪಾಲಿನಷ್ಟು ಹೆಚ್ಚು, ತೂಕ ಮಾತ್ರ ಮೂರನೇ ಒಂದು ಪಾಲಿನಷ್ಟೂ ಹೆಚ್ಚಿಲ್ಲ. ಹೀಗಾಗಿ ಒಂದೇ ವೇಗದಲ್ಲಿ ಬ್ಯಾಟ್‌ನಿಂದ ಹೊರಟರೂ ಸಾಫ್ಟ್‌ಬಾಲ್ ಬೇಗ ವೇಗ ಕಳೆದುಕೊಂಡು ಕೆಳಗಿಳಿಯುತ್ತದೆ. ಸಾಲದ್ದಕ್ಕೆ 43 ಅಡಿಯಿಂದ ಗಂಟೆಗೆ 65ರಿಂದ 70 ಮೈಲಿ ವೇಗದಲ್ಲಿ ಬರುವ ಎಸೆತಕ್ಕೆ ಬ್ಯಾಟರ್ ಅರ್ಧ ಸೆಕೆಂಡ್‌ಗೂ ಕಡಿಮೆ ಸಮಯದಲ್ಲಿ ಉತ್ತರ ಕೊಡಬೇಕು. ಪೂರ್ತಿ ಬಲದ ಬೀಸುಗೆ ಪ್ರತಿ ಸಲವೂ ಕೂಡಿಬರುವುದಿಲ್ಲ. 300 ಅಡಿಯ ಬೇಲಿಯಿದ್ದರೆ ಈ ಆಟದಲ್ಲಿ ಅದನ್ನು ದಾಟಿಸುವವರು ಹೆಚ್ಚು ಕಡಿಮೆ ಇರುವುದೇ ಇಲ್ಲ.

ಕಾಲೇಜು ಆಟದಲ್ಲಿ ಹೋಮ್ ರನ್‌ಗಳ ಸುರಿಮಳೆಗೆ ಬೇಲಿ ಹತ್ತಿರವಿರುವುದೇ ಕಾರಣವೇ?

ಬೇಲಿ ಒಂದು ಕಾರಣ, ಮುಖ್ಯ ಕಾರಣವಲ್ಲ. ಒಕ್ಲಹೋಮ ವಿಶ್ವವಿದ್ಯಾಲಯದ ತಂಡ 2021ರ ಋತುವಿನಲ್ಲಿ 60 ಪಂದ್ಯಗಳಲ್ಲಿ 161 ಹೋಮ್ ರನ್ ಹೊಡೆದು, ಹವಾಯಿ ತಂಡ 2010ರಲ್ಲಿ ನಿರ್ಮಿಸಿದ್ದ 158ರ ದಾಖಲೆಯನ್ನು ಮುರಿಯಿತು. ಅದೇ ಒಕ್ಲಹೋಮದ ಜೋಸಲಿನ್ ಆಲೋ 2022ರಲ್ಲಿ ತಮ್ಮ ಕಾಲೇಜು ಆಟವನ್ನು 122 ಹೋಮ್ ರನ್‌ಗಳೊಂದಿಗೆ ಮುಗಿಸಿದರು. ಅದಕ್ಕೂ ಮುನ್ನ ಲಾರೆನ್ ಚೇಂಬರ್ಲೇನ್ ಅವರ ಹೆಸರಿನಲ್ಲಿದ್ದ ದಾಖಲೆ 95. ಈ ಅವಧಿಯಲ್ಲಿ ಬೇಲಿಗಳೇನೂ ಒಳಕ್ಕೆ ಸರಿದಿರಲಿಲ್ಲ. ಬದಲಾದದ್ದು ಬ್ಯಾಟ್‌ಗಳು, ದೇಹಬಲದ ತರಬೇತಿ, ವಿಡಿಯೋ ನೋಡಿ ಬೀಸುಗೆಯನ್ನು ತಿದ್ದುವ ಪದ್ಧತಿ. ಹಿಂದೊಮ್ಮೆ ಲೋಹದ ಒಂದೇ ಪದರದ ಬ್ಯಾಟ್‌ಗಳಿದ್ದ ಜಾಗಕ್ಕೆ ಈಗ ಚೆಂಡನ್ನು ಚಿಮ್ಮಿಸುವ ಕಾಂಪೋಸಿಟ್ ಬ್ಯಾಟ್‌ಗಳು ಬಂದಿವೆ.

ಈ ಆಟದಲ್ಲಿ ಸಮತೋಲನ ತಪ್ಪಿದಾಗ ಮೈದಾನದ ಅಳತೆಯನ್ನೇ ತಿದ್ದಿದ ಪೂರ್ವನಿದರ್ಶನವಿದೆ. 1980ರ ದಶಕದಲ್ಲಿ ಪಿಚರ್‌ಗಳ ಕೈ ವಿಪರೀತ ಮೇಲಾಗಿ ಪಂದ್ಯಗಳು ಒಂದೆರಡು ರನ್‌ಗಳಲ್ಲೇ ಮುಗಿಯುತ್ತಿದ್ದಾಗ, ಕಾಲೇಜು ಆಟದಲ್ಲಿ ಪಿಚಿಂಗ್ ದೂರವನ್ನು 40 ಅಡಿಯಿಂದ 43 ಅಡಿಗೆ ಹೆಚ್ಚಿಸಲಾಯಿತು. ಈಗ ತಕ್ಕಡಿ ಬ್ಯಾಟರ್‌ಗಳ ಕಡೆಗೆ ವಾಲಿರುವಾಗ, 190 ಅಡಿಯ ಮೂಲೆಗಳನ್ನು ಇನ್ನೂ ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ತಪ್ಪಾದ ಬೀಸುಗೆಯಲ್ಲಿ ಬ್ಯಾಟ್‌ನ ಅಂಚಿಗೆ ಸಿಕ್ಕಿದ ಚೆಂಡೂ ಗಾಳಿಯ ನೆರವಿನಿಂದ ಆ ಮೂಲೆಯನ್ನು ದಾಟಿಬಿಟ್ಟರೆ, ಏಳು ಇನಿಂಗ್ಸ್ ಶ್ರಮಿಸಿದ ಪಿಚರ್‌ಗೆ ಅದು ಅನ್ಯಾಯ. ಹಳೆಯ ಮೈದಾನಗಳಲ್ಲಿ ಬೇಲಿಯ ಹಿಂದೆಯೇ ರಸ್ತೆ, ಪಾರ್ಕಿಂಗ್ ಅಥವಾ ಆಸನಗಳಿರುವುದರಿಂದ ಹತ್ತು ಅಡಿ ಸರಿಸುವುದೂ ಸುಲಭವಲ್ಲ ಎಂಬುದು ನಿಜ; ಹೊಸದಾಗಿ ಕಟ್ಟುವವರಿಗೆ ಆ ನೆಪವಿಲ್ಲ.

ಬೇಲಿಯ ದೂರಕ್ಕೆ ತಕ್ಕಂತೆ ಔಟ್‌ಫೀಲ್ಡರ್‌ಗಳು ಎಲ್ಲಿ ನಿಲ್ಲಬೇಕು?

200 ಅಡಿಯ ಬೇಲಿಯ ಮುಂದೆ, ಬಲವಾಗಿ ಹೊಡೆಯುವ ಬ್ಯಾಟರ್‌ಗೆ ಫೀಲ್ಡರ್ ಸುಮಾರು 165 ಅಡಿಯಲ್ಲಿ ನಿಂತಿದ್ದಾಳೆ ಎಂದುಕೊಳ್ಳೋಣ. ಅವಳ ಹಿಂದೆ ಉಳಿಯುವುದು 35 ಅಡಿ. ಎತ್ತರಕ್ಕೇರಿದ ಚೆಂಡು ನಾಲ್ಕು ಸೆಕೆಂಡ್‌ಗಳಷ್ಟು ಗಾಳಿಯಲ್ಲಿರುತ್ತದೆ. ಮೊದಲ ಹೆಜ್ಜೆಯನ್ನು ಸರಿಯಾಗಿಟ್ಟ ಫೀಲ್ಡರ್‌ಗೆ ಬೇಲಿ ಮುಟ್ಟಲು ಅಷ್ಟು ಸಮಯ ಧಾರಾಳ. ಅಂದರೆ ತಲೆಯ ಮೇಲೆ ಹೋಗುವ ಎತ್ತರದ ಚೆಂಡು ಒಂದೋ ಕ್ಯಾಚ್ ಆಗುತ್ತದೆ, ಇಲ್ಲವೇ ಬೇಲಿ ದಾಟುತ್ತದೆ. ನಡುವೆ ಬಿದ್ದು ನಷ್ಟ ಮಾಡುವ ಸಾಧ್ಯತೆ ಕಡಿಮೆ. ಆದ್ದರಿಂದ ಹತ್ತಿರದ ಬೇಲಿಯಿರುವ ಮೈದಾನದಲ್ಲಿ ಹಿಂದಕ್ಕೆ ಹೋಗಿ ನಿಲ್ಲುವುದರಿಂದ ಲಾಭವಿಲ್ಲ. ಬೇಲಿ ದಾಟುವ ಚೆಂಡನ್ನು ತಡೆಯಲಾಗದು, ಆದರೆ ಇನ್‌ಫೀಲ್ಡ್‌ನ ಹಿಂದೆ ಮೆತ್ತಗೆ ಬೀಳುವ ಚೆಂಡನ್ನು ನಾಲ್ಕು ಹೆಜ್ಜೆ ಮುಂದೆ ನಿಂತವಳು ಹಿಡಿಯಬಲ್ಲಳು.

220 ಅಡಿಯ ಅಥವಾ ಅದಕ್ಕಿಂತ ದೂರದ ಬೇಲಿಯಿದ್ದರೆ ಈ ಲೆಕ್ಕ ತಿರುಗುತ್ತದೆ. ತಲೆ ದಾಟಿದ ಚೆಂಡು ಆಟದಲ್ಲೇ ಉಳಿದು ಬೇಲಿಯವರೆಗೆ ಉರುಳುತ್ತದೆ. ಹಾಗಾಗಿ ಫೀಲ್ಡರ್ ಹಿಂದೆ ಸರಿಯಲೇಬೇಕಾಗುತ್ತದೆ, ಆಗ ಮುಂದೆ ಬೀಳುವ ಸಣ್ಣ ಹೊಡೆತಗಳು ಒಂದು ಬೇಸ್‌ನ ಸಿಂಗಲ್‌ಗಳಾಗುತ್ತವೆ. ಎಡಗೈ ಬ್ಯಾಟರ್‌ಗಳು ಓಡುತ್ತಲೇ ಚೆಂಡನ್ನು ತಟ್ಟುವ ಸ್ಲ್ಯಾಪ್ ಹೊಡೆತಕ್ಕೆ ಮಾತ್ರ ಬೇಲಿ ಎಲ್ಲಿದ್ದರೂ ಔಟ್‌ಫೀಲ್ಡ್ ಮುಂದಕ್ಕೆ ಬರುತ್ತದೆ. ಇನ್ನೊಂದು ಸೊಗಸಾದ ಆಟವೂ ಹತ್ತಿರ ನಿಂತಾಗಲೇ ಸಾಧ್ಯ: ನೆಲಕ್ಕೆ ಬಿದ್ದು ಬಂದ ಚೆಂಡನ್ನು ರೈಟ್ ಫೀಲ್ಡರ್ ಎತ್ತಿಕೊಂಡು ನೇರವಾಗಿ ಫಸ್ಟ್ ಬೇಸ್‌ಗೆ ಎಸೆದು, ಸಿಂಗಲ್ ಸಿಕ್ಕಿತೆಂದು ಓಡುತ್ತಿದ್ದ ಬ್ಯಾಟರ್‌ಳನ್ನೇ ಔಟ್ ಮಾಡುವುದು. ಎಳೆಯ ಆಟಗಾರ್ತಿಯರಿಗೆ ಇದನ್ನು ಕಲಿಸದೆ ಬಿಡುವ ಕೋಚ್‌ಗಳು ಒಂದು ಒಳ್ಳೆಯ ಅಸ್ತ್ರವನ್ನು ಕೈಬಿಟ್ಟಂತೆ.

ಪಿಚರ್‌ಗಳ ಯೋಜನೆ ಹೇಗೆ ಬದಲಾಗುತ್ತದೆ?

ಬ್ಯಾಟ್‌ನ ಹತ್ತಿರ ಬರುವಾಗ ಮೇಲಕ್ಕೇರುವಂತೆ ಕಾಣುವ ರೈಸ್‌ಬಾಲ್‌ಗೆ ಬ್ಯಾಟರ್ ಹೊಡೆತ ತಪ್ಪಬಹುದು, ಸಿಕ್ಕರೆ ಚೆಂಡು ಆಕಾಶಕ್ಕೇರುತ್ತದೆ. ಕೆಳಕ್ಕೆ ಇಳಿಯುವ ಡ್ರಾಪ್‌ಬಾಲ್‌ಗೆ ಸಿಕ್ಕ ಹೊಡೆತ ಸಾಮಾನ್ಯವಾಗಿ ನೆಲ ಹಿಡಿಯುತ್ತದೆ. ಬೇಲಿ ಹತ್ತಿರವಿದ್ದು, ಗಾಳಿಯೂ ಹೊರಮುಖವಾಗಿದ್ದರೆ ಬುದ್ಧಿವಂತ ಪಿಚರ್ ಡ್ರಾಪ್‌ಬಾಲನ್ನು ಹೆಚ್ಚಾಗಿ ನೆಚ್ಚುತ್ತಾಳೆ. ದೂರದ ಬೇಲಿ, ಎದುರು ಗಾಳಿ ಇದ್ದರೆ ರೈಸ್‌ಬಾಲ್ ಎಸೆದು ಎತ್ತರದ ಕ್ಯಾಚ್‌ಗಳನ್ನು ನಿರ್ಭಯವಾಗಿ ಬಯಸಬಹುದು. ಲೈನ್‌ಗಳ ತುದಿ ಹತ್ತಿರವಿದ್ದು ಸೆಂಟರ್ ಮಾತ್ರ ಆಳವಾಗಿದ್ದರೆ, ಬ್ಯಾಟರ್ ಚೆಂಡನ್ನು ತನ್ನ ಕಡೆಗೆ ಎಳೆದು ಹೊಡೆಯದಂತೆ ಹೊರ ಅಂಚಿಗೆ ಎಸೆಯುವುದು ಲೇಸು.

ದೂರದ ಬೇಲಿಯಲ್ಲಿ ಟ್ರಿಪಲ್‌ಗಳು (ಮೂರು ಬೇಸ್‌ಗಳ ಹೊಡೆತಗಳು) ಏಕೆ ಹೆಚ್ಚುತ್ತವೆ?

ಹತ್ತಿರದ ಬೇಲಿಗೆ ಬಡಿದ ಚೆಂಡು ಬೇಗ ಪುಟಿದು ಫೀಲ್ಡರ್ ಕಡೆಗೇ ಬರುತ್ತದೆ. ಅಲ್ಲಿಂದ ಥರ್ಡ್ ಬೇಸ್‌ಗೆ ಎಸೆತವೂ ಚಿಕ್ಕದು. ಬ್ಯಾಟರ್ ಎರಡನೇ ಬೇಸ್‌ನಲ್ಲೇ ನಿಲ್ಲುವುದು ಜಾಣತನ. ಬೇಲಿ 20 ಅಡಿ ಹಿಂದೆ ಸರಿದರೆ ಫೀಲ್ಡರ್ ಹೆಚ್ಚು ಓಡಬೇಕು, ನಡುವೆ ನಿಂತು ಎಸೆತವನ್ನು ಮುಂದಕ್ಕೆ ದಾಟಿಸುವ ಆಟಗಾರ್ತಿಯ ನೆರವೂ ಬೇಕಾಗುತ್ತದೆ. ಒಂದು ಕೈ ಹೆಚ್ಚಾದಂತೆ ಒಂದು ತಪ್ಪಿನ ಸಾಧ್ಯತೆಯೂ ಹೆಚ್ಚುತ್ತದೆ. ಥರ್ಡ್ ಬೇಸ್‌ನಲ್ಲಿರುವ ರನ್ನರ್ ಕ್ಯಾಚ್ ಆದ ಮೇಲೆ ಹೋಮ್‌ಗೆ ಓಡುವ ಆಟಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಅವಳು ಓಡಬೇಕಾದದ್ದು ಯಾವಾಗಲೂ 60 ಅಡಿ, ಫೀಲ್ಡರ್ ಎಸೆಯಬೇಕಾದದ್ದು ಮಾತ್ರ ಬೇಲಿಯೊಂದಿಗೆ ಬೆಳೆಯುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಟ್ರಿಪಲ್‌ಗಿಂತ ಚೆಂದದ ಹೊಡೆತವಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬ. ಒಂಬತ್ತು ಫೀಲ್ಡರ್‌ಗಳಲ್ಲಿ ಬಹುತೇಕ ಎಲ್ಲರೂ ಏಕಕಾಲಕ್ಕೆ ಓಡುವ ಗಳಿಗೆ ಅದು.

ಬೇಲಿಯೇ ಇಲ್ಲದ ಮೈದಾನದಲ್ಲಿ ಆಡಿದರೆ ಏನಾಗುತ್ತದೆ?

ಕ್ರಿಕೆಟ್‌ಗೂ ಅಥ್ಲೆಟಿಕ್ಸ್‌ಗೂ ಬಳಸುವ ಶಾಲಾ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಸಾಫ್ಟ್‌ಬಾಲ್ ಆಡುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಫೀಲ್ಡರ್‌ಳನ್ನು ದಾಟಿದ ಚೆಂಡು ಎಲ್ಲಿಯವರೆಗೆ ಉರುಳುತ್ತದೋ ಅಲ್ಲಿಯವರೆಗೂ ಆಟ ನಡೆಯುತ್ತದೆ. ಹಾಗಾಗಿ ಔಟ್‌ಫೀಲ್ಡರ್‌ಗಳು ಭಯದಿಂದ ತೀರಾ ಹಿಂದೆ ನಿಲ್ಲಲು ಕಲಿಯುತ್ತಾರೆ, ಗಟ್ಟಿ ನೆಲದಲ್ಲಿ ಪುಟಿದು ಹೋದ ಸಾಧಾರಣ ಹೊಡೆತವೂ ನಾಲ್ಕು ಬೇಸ್‌ಗಳ ಓಟವಾಗುತ್ತದೆ. ಬ್ಯಾಟರ್‌ಗೆ ಇದರಿಂದ ತಪ್ಪು ಪಾಠ ಸಿಗುತ್ತದೆ: ಚೆಂಡನ್ನು ಎತ್ತಿ ಹೊಡೆದು ಬೇಲಿ ದಾಟಿಸುವ ಕೌಶಲಕ್ಕೆ ಅಲ್ಲಿ ಪ್ರತಿಫಲವಿಲ್ಲ, ಏಕೆಂದರೆ 230 ಅಡಿ ಹೋದ ಚೆಂಡೂ ಅಲ್ಲಿ ಕ್ಯಾಚ್ ಆಗಬಹುದು. ಮೈದಾನಕ್ಕೆ ಪಕ್ಕಾ ಬೇಲಿ ಹಾಕಿಸಲು ಹಣವಿಲ್ಲದಿದ್ದರೂ, ಪಂದ್ಯದ ದಿನಕ್ಕೆ ತಾತ್ಕಾಲಿಕ ಬೇಲಿ ಹಾಕುವುದು ಖಂಡಿತ ಯೋಗ್ಯ.

ಬೇಲಿಯ ಬಳಿ ನಡೆಯುವ ಆಟಕ್ಕೆ ನಿಯಮಗಳೇನು?

ಫೇರ್ ಆದ, ಅಂದರೆ ಫೌಲ್ ಲೈನ್‌ಗಳ ಒಳಗೇ ಇರುವ ಚೆಂಡು ನೆಲ ಮುಟ್ಟದೆ ಬೇಲಿ ದಾಟಿದರೆ ಹೋಮ್ ರನ್. ನೆಲಕ್ಕೆ ಪುಟಿದು ದಾಟಿದರೆ ಎರಡು ಬೇಸ್ ಮಾತ್ರ. ಗಾಳಿಯಲ್ಲಿದ್ದ ಚೆಂಡು ಫೀಲ್ಡರ್‌ಳ ಗ್ಲೌಸ್‌ಗೆ ತಾಗಿ ಫೇರ್ ಪ್ರದೇಶದಲ್ಲೇ ಬೇಲಿಯಾಚೆ ಬಿದ್ದರೂ ಹೋಮ್ ರನ್ನೇ. ಬೇಲಿಗೆ ಬಡಿದ ಬಳಿಕ ಹಿಡಿದದ್ದು ಕ್ಯಾಚ್ ಅಲ್ಲ. ಫೀಲ್ಡರ್ ಒಳಗಿನ ನೆಲದಿಂದ ನೆಗೆದು ಬೇಲಿಯ ಮೇಲೆ ಕೈಚಾಚಿ ಹಿಡಿದರೆ ಬ್ಯಾಟರ್ ಔಟ್. ಹಿಡಿದ ಮೇಲೆ ಆಯತಪ್ಪಿ ಆಚೆ ಬಿದ್ದರೆ ಔಟ್ ನಿಲ್ಲುತ್ತದೆ, ಆದರೆ ಬೇಸ್‌ಗಳಲ್ಲಿರುವ ರನ್ನರ್‌ಗಳಿಗೆ ಒಂದೊಂದು ಬೇಸ್ ಸಿಗುತ್ತದೆ. 2021ರ ಜುಲೈ 27ರಂದು ಯೊಕೊಹಾಮದಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಲೆಫ್ಟ್ ಫೀಲ್ಡರ್ ಜೇನಿ ರೀಡ್ ಹೋಮ್ ರನ್ ಆಗಬೇಕಿದ್ದ ಚೆಂಡನ್ನು ಬೇಲಿಯ ಮೇಲೆ ಹೀಗೆಯೇ ಕಸಿದುಕೊಂಡರು. ಪಂದ್ಯವನ್ನು ಜಪಾನ್ 2–0ರಿಂದ ಗೆದ್ದಿತಾದರೂ ಆ ಕ್ಯಾಚ್ ಮರೆಯುವಂಥದ್ದಲ್ಲ.

ಬೇಲಿ ದಾಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 1996ರ ಒಲಿಂಪಿಕ್ಸ್‌ನಲ್ಲಿ, ಜಾರ್ಜಿಯಾದ ಕೊಲಂಬಸ್‌ನಲ್ಲಿ ನಡೆದ ಪಂದ್ಯದಲ್ಲಿ, ಅಮೆರಿಕದ ಡ್ಯಾನಿ ಟೈಲರ್ ಆಸ್ಟ್ರೇಲಿಯಾ ವಿರುದ್ಧ ಚೆಂಡನ್ನು ಬೇಲಿಯಾಚೆ ಕಳುಹಿಸಿದರೂ ಸಂಭ್ರಮದ ನಡುವೆ ಹೋಮ್ ಪ್ಲೇಟ್ ಮುಟ್ಟದೆ ಹೋದರು. ಆಸ್ಟ್ರೇಲಿಯಾ ಅಪೀಲ್ ಮಾಡಿತು, ರನ್ ರದ್ದಾಯಿತು, ಹೆಚ್ಚುವರಿ ಇನಿಂಗ್ಸ್‌ಗೆ ಹೋದ ಪಂದ್ಯವನ್ನು ಅಮೆರಿಕ 1–2ರಿಂದ ಸೋತಿತು. ಅದೇ ಕೂಟದ ಫೈನಲ್‌ನಲ್ಲಿ ಡಾಟ್ ರಿಚರ್ಡ್ಸನ್ ಹೊಡೆದ ಎರಡು ರನ್‌ಗಳ ಹೋಮ್ ರನ್ ರೈಟ್ ಫೀಲ್ಡ್‌ನ ಫೌಲ್ ಪೋಲ್‌ಗೆ (ಫೌಲ್ ಲೈನ್‌ನ ತುದಿಯ ಕಂಬಕ್ಕೆ) ಒತ್ತಿಕೊಂಡಂತೆ ಹೋಯಿತು. ಅದು ಫೌಲ್ ಎಂದು ಚೀನಾ ಬಲವಾಗಿ ವಾದಿಸಿದರೂ ತೀರ್ಪು ಬದಲಾಗಲಿಲ್ಲ, ಅಮೆರಿಕ 3–1ರಿಂದ ಚಿನ್ನ ಗೆದ್ದಿತು. ಎತ್ತರದ ಫೌಲ್ ಪೋಲ್ ಎಷ್ಟು ಅಗತ್ಯ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ವಾರ್ನಿಂಗ್ ಟ್ರ್ಯಾಕ್ ಎಂದರೇನು, ಅದು ಕಡ್ಡಾಯವಾಗಿ ಬೇಕೇ?

ಬೇಲಿಯ ಒಳಬದಿಗೆ 10ರಿಂದ 15 ಅಡಿ ಅಗಲಕ್ಕೆ ಹುಲ್ಲು ತೆಗೆದು ಮಣ್ಣೋ ಸಣ್ಣ ಜಲ್ಲಿಪುಡಿಯೋ ಹಾಸಿದ ಪಟ್ಟಿ ಅದು. ಚೆಂಡನ್ನೇ ನೋಡುತ್ತಾ ಹಿಂದಕ್ಕೆ ಓಡುವವಳಿಗೆ ಬೇಲಿ ಹತ್ತಿರವಾಯಿತೆಂದು ಪಾದವೇ ತಿಳಿಸುತ್ತದೆ. ಬೇಲಿ ಹತ್ತಿರವಿದ್ದಷ್ಟೂ ಡಿಕ್ಕಿಯ ಸಂಭವ ಹೆಚ್ಚು. ಆದ್ದರಿಂದ ಎಲ್ಲ ಕಡೆ ಕಡ್ಡಾಯವಲ್ಲದಿದ್ದರೂ ಪಕ್ಕಾ ಬೇಲಿಯಿರುವ ಮೈದಾನಕ್ಕೆ ಅದು ಇರಲೇಬೇಕೆಂದು ನಾನು ಹೇಳುತ್ತೇನೆ. ತಂತಿ ಜಾಲರಿಯ ಮೇಲಂಚಿಗೆ ಹಳದಿ ಪ್ಲಾಸ್ಟಿಕ್ ಕೊಳವೆಯನ್ನು ಸೀಳಿ ತೊಡಿಸುವುದೂ ಅಷ್ಟೇ ಮುಖ್ಯ: ಕೈ ತರಚದಂತೆ ಕಾಯುತ್ತದೆ, ಚೆಂಡು ಮೇಲಂಚನ್ನು ದಾಟಿತೋ ಇಲ್ಲವೋ ಎಂಬುದು ಅಂಪೈರ್‌ಗೂ ಸ್ಪಷ್ಟವಾಗಿ ಕಾಣುತ್ತದೆ.

ಊರಿನ ಎತ್ತರ, ಗಾಳಿ ಇವು ಬೇಲಿಯ ದೂರವನ್ನು ಬದಲಿಸಿದಂತೆಯೇ?

ಪರಿಣಾಮದಲ್ಲಿ ಹೌದು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಅಗಲವಾದ ಮೈಯ ಸಾಫ್ಟ್‌ಬಾಲ್‌ಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಎತ್ತರದ ಹೊಡೆತ ಕೆಲವು ಅಡಿ ಹೆಚ್ಚು ಸಾಗುತ್ತದೆ. ಗಾಳಿಯ ಪರಿಣಾಮ ಇದಕ್ಕಿಂತ ದೊಡ್ಡದು, ಮತ್ತು ಇನಿಂಗ್ಸ್‌ನಿಂದ ಇನಿಂಗ್ಸ್‌ಗೆ ಬದಲಾಗುತ್ತದೆ. ಪ್ರತಿ ಇನಿಂಗ್ಸ್‌ಗೂ ಮುನ್ನ ಬೇಲಿಯ ಬಳಿಯ ಬಾವುಟವನ್ನು ಗಮನಿಸಿ ನಿಲ್ಲುವ ಜಾಗವನ್ನು ತಿದ್ದಿಕೊಳ್ಳುವುದು ಸೆಂಟರ್ ಫೀಲ್ಡರ್‌ಳ ಹೊಣೆ.

ಮಕ್ಕಳ ಪಂದ್ಯಗಳಿಗೆ ಬೇಲಿ ಎಷ್ಟು ದೂರವಿರಬೇಕು?

ಅಮೆರಿಕದ ಸಾಫ್ಟ್‌ಬಾಲ್ ಸಂಸ್ಥೆಯ ಪಟ್ಟಿಯಲ್ಲಿ 10 ವರ್ಷದೊಳಗಿನ ಹುಡುಗಿಯರಿಗೆ 150ರಿಂದ 175 ಅಡಿ, 12 ಮತ್ತು 14 ವರ್ಷದೊಳಗಿನವರಿಗೆ 175ರಿಂದ 200 ಅಡಿ, 16 ಮತ್ತು 18 ವರ್ಷದೊಳಗಿನವರಿಗೆ 200ರಿಂದ 225 ಅಡಿ ಎಂದಿದೆ. ಎಳೆಯ ಮಕ್ಕಳನ್ನು ದೊಡ್ಡವರ ಮೈದಾನದಲ್ಲೇ ಆಡಿಸುವ ರೂಢಿಯನ್ನು ಬಿಡಬೇಕು. 220 ಅಡಿಯ ಬೇಲಿಯನ್ನು ಹತ್ತು ವರ್ಷದ ಹುಡುಗಿ ಎಂದೂ ದಾಟಿಸಲಾರಳು, ಅಲ್ಲಿಂದ ಎಸೆದ ಚೆಂಡನ್ನು ಇನ್‌ಫೀಲ್ಡ್‌ಗೆ ಮುಟ್ಟಿಸಲೂ ಆರಳು. ಔಟ್‌ಫೀಲ್ಡ್‌ನಲ್ಲಿ ನಿಂತ ಮಗು ಚೆಂಡಿನ ಹಿಂದೆ ಓಡುವುದನ್ನಷ್ಟೇ ಕಲಿಯುತ್ತದೆ. 160 ಅಡಿಯಲ್ಲಿ ಬೇಲಿಯಿದ್ದರೆ ಅದೇ ಮಗು ಹೋಮ್‌ವರೆಗೆ ಎಸೆತವನ್ನು ಪ್ರಯತ್ನಿಸುತ್ತದೆ.

ತಾತ್ಕಾಲಿಕ ಬೇಲಿಯನ್ನು ಸರಿಯಾಗಿ ಹಾಕುವುದು ಹೇಗೆ?

ಹೋಮ್ ಪ್ಲೇಟ್‌ನ ಹಿಂದಿನ ಮೂಲೆಯಲ್ಲಿ ಗೂಟ ಹೊಡೆದು, ಎಳೆದರೂ ಉದ್ದವಾಗದ ಹಗ್ಗವನ್ನು ಕಟ್ಟಿ, ಬೇಕಾದ ದೂರಕ್ಕೆ ಗುರುತು ಮಾಡಿ, ಒಂದು ಫೌಲ್ ಲೈನ್‌ನಿಂದ ಇನ್ನೊಂದರವರೆಗೆ ಕಮಾನಿನಂತೆ ನಡೆದು ಸುಣ್ಣ ಹಾಕಬೇಕು. ಎಲ್ಲೆಡೆ 200 ಅಡಿ ಇಟ್ಟರೆ ಬೇಲಿಯ ಉದ್ದ ಸುಮಾರು 314 ಅಡಿ, 220 ಇಟ್ಟರೆ ಸುಮಾರು 346 ಅಡಿ ಆಗುತ್ತದೆ. ಬಲೆಯನ್ನು ಅದಕ್ಕಿಂತ ಸ್ವಲ್ಪ ಹೆಚ್ಚೇ ತರಿಸಿಕೊಳ್ಳಿ. ಡಿಕ್ಕಿಯಾದಾಗ ಬಾಗುವ ಪ್ಲಾಸ್ಟಿಕ್ ಅಥವಾ ಫೈಬರ್ ಕಂಬಗಳನ್ನೇ ಬಳಸಬೇಕು. ಕಬ್ಬಿಣದ ಗೂಟಗಳನ್ನು ಆಟದ ಜಾಗದಲ್ಲಿ ನೆಡಲೇಬಾರದು. ಬಲೆಯ ಕೆಳಗೆ ಚೆಂಡು ನುಸುಳದಂತೆ ನೆಲಕ್ಕೆ ಒತ್ತಿ ಕಟ್ಟಬೇಕು. ಎರಡೂ ತುದಿಗಳಲ್ಲಿ, ಫೌಲ್ ಲೈನ್‌ನ ಮೇಲೆಯೇ, ಬಲೆಗಿಂತ ಬಹಳ ಎತ್ತರದ ಹಗುರ ಕಂಬವನ್ನು ನಿಲ್ಲಿಸಬೇಕು. ಚೆಂಡು ಬಲೆಯ ಕೆಳಗೆ ನುಸುಳಿದರೆ ಅಥವಾ ಬಲೆಯಲ್ಲಿ ಸಿಕ್ಕಿಕೊಂಡರೆ ಎರಡು ಬೇಸ್ ಎಂಬುದನ್ನೂ, ಬಿದ್ದ ಬೇಲಿಯ ಮೇಲೆ ನಿಂತು ಹಿಡಿದ ಕ್ಯಾಚ್‌ಗೆ ಏನು ತೀರ್ಪು ಎಂಬುದನ್ನೂ ಪಂದ್ಯಕ್ಕೆ ಮುನ್ನವೇ ಇಬ್ಬರು ಕೋಚ್‌ಗಳ ಎದುರು ಅಂಪೈರ್ ಸ್ಪಷ್ಟಪಡಿಸಬೇಕು.